ಒಡೆದ ಕಂಠ

ಗುರುಕುಲವಾಸದ ಕಷ್ಟಗಳನ್ನು ಎಣಿಸುವವರು ಹಸಿವನ್ನೂ ಚಳಿಯನ್ನೂ ಮೊದಲು ಹೇಳುವುದುಂಟು. ಆದರೆ ಹದಿನಾಲ್ಕರ ವಯಸ್ಸಿನವನಿಗೆ ಇವೆರಡಕ್ಕಿಂತಲೂ ದುಸ್ಸಹವಾದುದು ಸಹಪಾಠಿಗಳ ನಗೆ.

1973ರಲ್ಲಿ ಕಾವೇರೀತೀರದ ಪಾಠಶಾಲೆಯೊಂದರ ಛಾತ್ರಾವಾಸಕ್ಕೆ ಮಲೆನಾಡಿನ ಹುಡುಗನೊಬ್ಬನು ಬಂದು ಸೇರಿದನು. ಬೆಳಗಿನ ಜಾವದಲ್ಲಿಯೇ ಗಂಟೆ, ನದಿಯಲ್ಲಿ ಸ್ನಾನ, ಸಂಧ್ಯಾವಂದನೆ, ಅನಂತರ ಅಮರಕೋಶದ ಆವೃತ್ತಿ. ಸಾರಿಗೆ ನೀರು ಸೇರಿತೋ, ನೀರಿಗೆ ಸಾರು ಸೇರಿತೋ ಎಂಬುದು ಭೋಜನಶಾಲೆಯ ನಿತ್ಯದ ವಾಕ್ಯಾರ್ಥ. ಅಲ್ಲಿ ಭಾನುವಾರಕ್ಕೆ ಮನ್ನಣೆಯಿರಲಿಲ್ಲ. ಪ್ರತಿಪತ್ತು, ಅಷ್ಟಮಿ ಮೊದಲಾದವೇ ಅನಧ್ಯಯನದ ದಿನಗಳಾದುದರಿಂದ, ಮನೆಯಲ್ಲಿ ಎಂದೂ ಪಂಚಾಂಗವನ್ನು ಮುಟ್ಟದ ಹುಡುಗರು ಚಂದ್ರನ ಗತಿಯನ್ನು ಅರಿಯುವುದರಲ್ಲಿ ಜೋಯಿಸರನ್ನೂ ಮೀರಿಸಿದ್ದರು.

ಈ ಹುಡುಗನಿಗೆ ಶಾರೀರವೊಂದೇ ಸಂಪತ್ತು. ಮೊದಲ ವರ್ಷ ವೇದಪಾಠದಲ್ಲಿ ಅವನದೇ ಮುಂದಾಳುತನ. ಎರಡನೆಯ ವರ್ಷ ಕಂಠವೇ ಕೈಕೊಟ್ಟಿತು. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆಯು ಬೆಳೆದು ಧ್ವನಿತಂತುಗಳು ಉದ್ದವೂ ದಪ್ಪವೂ ಆಗುವುದರಿಂದ ಸ್ವರವು ಕೆಲವು ಕಾಲ ಸ್ವಾಧೀನದಲ್ಲಿರದೆಂಬುದು ಅವನಿಗೆ ತಿಳಿಯದು. ಅನುದಾತ್ತಕ್ಕೆ ಇಳಿಯಬೇಕಾದಲ್ಲಿ ನವಿಲು ಕೂಗಿತು; ಸ್ವರಿತಕ್ಕೆ ಏರಬೇಕಾದಲ್ಲಿ ಕಪ್ಪೆ ವಟಗುಟ್ಟಿತು.

ಆ ವಾರವೇ ಗುರುಗಳು ತ್ವಷ್ಟೃವಿನ ಕಥೆಯನ್ನು ಹೇಳಿದ್ದರು. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಮಾಡಿದ ಹೋಮದಲ್ಲಿ, 'ಇಂದ್ರಶತ್ರು' ಎಂಬ ಪದದ ಕೊನೆಗಿರಬೇಕಾದ ಉದಾತ್ತವು ಮೊದಲಿಗೆ ಬಿದ್ದು, ಆ ಮಗನಾದ ವೃತ್ರನನ್ನು ಇಂದ್ರನೇ ಕೊಂದನು. ಅಂದಿನಿಂದ ಹುಡುಗನಿಗೆ 'ತ್ವಷ್ಟೃ' ಎಂದೇ ಬಿರುದು. "ತ್ವಷ್ಟೃವೇ, ಮಜ್ಜಿಗೆಯೆಂದು ಕೂಗಬೇಡ, ಸ್ವರ ತಪ್ಪಿ ಬರಿಯ ನೀರು ಬಂದೀತು" ಎಂದು ಪಂಕ್ತಿಯೆಲ್ಲ ನಕ್ಕಿತು.

ಅವನು ನಗಲಿಲ್ಲ. ಊರಿನಲ್ಲಿ ತಾಯಿಗೆ ಜ್ವರವೆಂದು ಕಾಗದ ಬಂದಾಗ ತನ್ನ ಅಪಸ್ವರವೇ ಕಾರಣವೆಂದು ನಂಬಿ, ಪಾಠದಲ್ಲಿ ಕೇವಲ ತುಟಿಯಾಡಿಸತೊಡಗಿದನು.

ಗುರುಗಳು ಇದನ್ನು ಕಂಡರು, ಗದರಲಿಲ್ಲ. ಒಂದು ಸಂಜೆ ನದಿಯ ಮೆಟ್ಟಿಲ ಮೇಲೆ ಕುಳ್ಳಿರಿಸಿಕೊಂಡು ಎಲ್ಲವನ್ನೂ ಕೇಳಿ, "ಉಚ್ಚನೀಚಗಳು ಒಂದನ್ನೊಂದು ನೋಡಿಕೊಂಡು ನಿಲ್ಲುವುವು, ಮಗು. ತಗ್ಗಿನ ಶ್ರುತಿಯನ್ನು ಹಿಡಿ. ವೇದಕ್ಕೇನೂ ಕೊರತೆಯಾಗದು, ನಿನ್ನ ತಾಯಿಗೂ ಆಗದು. ನನ್ನ ಕಂಠ ಒಡೆದಾಗ ನನ್ನನ್ನು ಕತ್ತೆಯೆಂದರು, ನಿನಗೆ ದೇವಶಿಲ್ಪಿಯ ಹೆಸರಾದರೂ ದೊರೆಯಿತು" ಎಂದರು.

ತಾಯಿಯ ಜ್ವರ ಬಿಟ್ಟಿತು. ಕಂಠವೂ ಕ್ರಮೇಣ ಕುದುರಿತು. ಮರುವರ್ಷ ಆ ಬಿರುದು ಮತ್ತೊಬ್ಬ ಒಡೆದ ಕಂಠದವನಿಗೆ ಸಂದಿತು. ಪಂಕ್ತಿ ನಗುತ್ತಿರುವಾಗ, ಅವನು ಕೇಳುವ ಮೊದಲೇ ಅವನ ಎಲೆಗೆ ಮಜ್ಜಿಗೆ ಬಡಿಸಿದವನು ಹಳೆಯ ತ್ವಷ್ಟೃವೇ.