ಹೈದರಾಬಾದೋ, ಬೆಂಗಳೂರೋ: ಶ್ರಾವಣದ ದಿನಚರಿ

ಆಗಸ್ಟ್ 7, 2024, ಬುಧವಾರ. ಸಿಂಧನೂರು

ಇವತ್ತು ರೊಟ್ಟಿ ಪಂಚಮಿ. ಅವ್ವ ನಸುಕಿಗೇ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಟ್ಟಿದಳು. ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹಿಂಡಿ ಜೊತೆಗಿಟ್ಟು ಓಣಿಯ ಮನೆಗಳಿಗೆಲ್ಲ ಮಗಳ ಕೈಯಲ್ಲಿ ಕಳಿಸಿದೆ. ಮಸ್ಕತ್ತಿನ ಫ್ಲ್ಯಾಟಿನಲ್ಲಿ ಬೆಳೆದ ಹುಡುಗಿ ಒಂದೊಂದು ಮನೆಗೂ ಹೋಗಿ, ಅವರು ಕೊಟ್ಟ ರೊಟ್ಟಿ ಇಸಿದುಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬುಟ್ಟಿಯಲ್ಲಿ ಓಣಿಯ ರೊಟ್ಟಿಯೆಲ್ಲ ಇತ್ತು.

ರಾತ್ರಿ ನಮ್ಮ ಯಜಮಾನರು ಮಸ್ಕತ್ತಿನಿಂದ ಫೋನ್ ಮಾಡಿದರು. ಎರಡು ಕಂಪನಿಗಳಿಂದ ಇವರಿಗೆ ಕೆಲಸದ ಪತ್ರ ಬಂದಿದೆ. ಒಂದು ಹೈದರಾಬಾದಿನದು, ಒಂದು ಬೆಂಗಳೂರಿನದು. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೆಲಸವೂ ಅದೇ, ನೀರು ಶುದ್ಧೀಕರಣ ಘಟಕಗಳ ಉಸ್ತುವಾರಿ. ತಿಂಗಳ ಕೊನೆಯೊಳಗೆ ಒಂದಕ್ಕೆ ಹೂಂ ಅನ್ನಬೇಕು. "ನೀನು ಊರಾಗ ಇದ್ದಿ. ಮಂದಿ ಜೊತಿ ಮಾತಾಡು, ನೋಡು, ಹೇಳು. ನೀ ಅಂದಲ್ಲಿಗೆ ಹೋಗೋಣ" ಎಂದರು.

ಮರಳಿ ಬರುವುದಂತೂ ಖಚಿತ. ಒಮಾನಿನಲ್ಲಿ ಎಷ್ಟು ವರ್ಷ ದುಡಿದರೂ ವೀಸಾ ಮುಗಿದ ದಿನ ಮನೆ ಖಾಲಿ ಮಾಡಬೇಕು. ಮಗಳು ಐದನೆಯ ತರಗತಿ. ಮಾರ್ಚಿಗೆ ಅವಳ ಪರೀಕ್ಷೆ ಮುಗಿಯುತ್ತದೆ, ಇವರ ಕರಾರೂ ಮುಗಿಯುತ್ತದೆ.

ಆಗಸ್ಟ್ 9, ಶುಕ್ರವಾರ. ಸಿಂಧನೂರು

ಪಂಚಮಿ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಮಗಳು ಇಳಿಯಲೇ ಒಲ್ಲೆನೆಂದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಎಲ್ಲವನ್ನೂ ಅವ್ವ ಡಬ್ಬಿಗೆ ತುಂಬಿಟ್ಟಿದ್ದಾಳೆ, ಮಸ್ಕತ್ತಿಗೆ ಒಯ್ಯಲಿ ಅಂತ.

ಸಂಜೆ ಅಪ್ಪನ ಮುಂದೆ ಮಾತು ತೆಗೆದೆ. ಅಪ್ಪ ಯೋಚಿಸಲೇ ಇಲ್ಲ. "ಹೈದ್ರಾಬಾದಿಗೆ ಬರ್ರಿ. ಇದ್ರಾಗ ಕೇಳೂದೇನದ?" ಎಂದರು. ಅವರ ಲೆಕ್ಕ ನೇರ. ಸಿಂಧನೂರಿನಿಂದ ಹೈದರಾಬಾದು ಬೆಂಗಳೂರಿಗಿಂತ ಸುಮಾರು ನೂರು ಕಿಲೋಮೀಟರು ಹತ್ತಿರ. ಅವರ ಹೃದಯಕ್ಕೆ ಸ್ಟೆಂಟು ಹಾಕಿದ್ದು ಅಲ್ಲಿಯೇ, ತಪಾಸಣೆಗೆ ಈಗಲೂ ಹೋಗುವುದು ಅಲ್ಲಿಗೇ. ಅವರಿಗೆ ಉರ್ದು ಬರುತ್ತದೆ, ತೆಲುಗು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಭತ್ತ ಹಾಕಿದ ರೈತರ ಕ್ಯಾಂಪುಗಳು ಊರ ಸುತ್ತ ಇರುವುದರಿಂದ ಸಿಂಧನೂರಿನ ಪೇಟೆಯಲ್ಲಿ ತೆಲುಗು ಯಾರಿಗೂ ಪರಭಾಷೆಯಲ್ಲ. ನನಗೂ ಅಲ್ಲ.

ಅಜ್ಜನ ಕಾಲದ ಹೊಲದ ಕಾಗದಗಳನ್ನು ಅಪ್ಪ ಟ್ರಂಕಿನಿಂದ ತೆಗೆದು ತೋರಿಸಿದರು. ಎಲ್ಲವೂ ಉರ್ದುವಿನಲ್ಲಿವೆ. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಜ್ಜನಿಗೆ ಕೋರ್ಟು, ಕಾಲೇಜು, ದೊಡ್ಡ ದವಾಖಾನೆ ಎಲ್ಲಕ್ಕೂ ಹೈದರಾಬಾದೇ. ಗಡಿ ಬದಲಾದ ಮೇಲೂ ಬೇನೆ ಬಂದಾಗ ನಮ್ಮ ಜನ ಆ ದಾರಿಯನ್ನೇ ಹಿಡಿಯುತ್ತಾರೆ. ಅಪ್ಪನ ಮಾತಿನಲ್ಲಿ ಇರುವುದು ಮೂರು ತಲೆಮಾರಿನ ನಂಬಿಕೆ. ಅದನ್ನು ಹಗುರವಾಗಿ ಬದಿಗಿಡಲಾರೆ.

ಆಗಸ್ಟ್ 11, ಭಾನುವಾರ. ಸಿಂಧನೂರು

ಇಂದು ಯಾರ ಬಾಯಲ್ಲೂ ಬೇರೆ ಮಾತಿಲ್ಲ. ನಿನ್ನೆ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಗಿದೆ. ಡ್ಯಾಮು ತುಂಬಿತ್ತು. ಮೊನ್ನೆಯಷ್ಟೇ ತುಂಬಿದ ಡ್ಯಾಮನ್ನು ನೆನೆದು ಜನ ಹಿಗ್ಗಿದ್ದರು, ಹೋದ ವರ್ಷ ಬರ ಕಂಡವರು. ಈಗ ಮುರಿದ ಗೇಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡುತ್ತಿದ್ದಾರೆ.

ಅಪ್ಪ ಹೊಲಕ್ಕೆ ಹೋಗಿ ಬಂದು ಕಟ್ಟೆಯ ಮೇಲೆ ಕುಳಿತರು. ನಾಟಿ ಮಾಡಿದ ಭತ್ತ ಇನ್ನೂ ಬೇರು ಬಿಡುತ್ತಿದೆ. ಕಾಲುವೆ ನಡುವೆ ನಿಂತರೆ ಬೆಳೆ ಹೋಯಿತು. ಬಂದ ನೆಂಟರೊಬ್ಬರು, ಈ ನೀರು ಶ್ರೀಶೈಲ ದಾಟಿ ನಾಗಾರ್ಜುನಸಾಗರಕ್ಕೆ ಹೋಗುತ್ತದೆ, ಹೈದರಾಬಾದಿನವರು ಕುಡಿಯುವುದು ಅಲ್ಲಿಯ ನೀರನ್ನೇ ಎಂದರು. ಹೌದು, ಆ ನಗರಕ್ಕೆ ಕೃಷ್ಣೆಯ ನೀರು ಹೋಗುವುದು ಅಲ್ಲಿಂದಲೇ. ಬೆಂಗಳೂರಿಗೆ ಬರುವುದು ನೂರು ಕಿಲೋಮೀಟರು ಆಚೆಯಿಂದ ಮೇಲೆತ್ತಿದ ಕಾವೇರಿ. ಈ ಬೇಸಿಗೆಯಲ್ಲಿ ಅಲ್ಲಿ ಕೊಳವೆಬಾವಿಗಳು ಬತ್ತಿ ಬಡಾವಣೆಗಳು ಟ್ಯಾಂಕರಿಗಾಗಿ ಕಾದದ್ದನ್ನು ಮಸ್ಕತ್ತಿನಲ್ಲಿ ಕುಳಿತೇ ಓದಿದ್ದೆವು. ಇವರದು ನೀರಿನ ಕೆಲಸವೇ ಆದ್ದರಿಂದ ಈ ಎರಡೂ ಊರುಗಳಿಗೆ ಇವರ ಅಗತ್ಯವಿದೆ. ನನ್ನ ಊರಿಗೂ ಇದೆ, ಆದರೆ ಇಲ್ಲಿಂದ ಯಾವ ಪತ್ರವೂ ಬಂದಿಲ್ಲ.

ಇಂದು ರಾತ್ರಿ ನಿದ್ದೆ ಬರುವಂತಿಲ್ಲ. ಭತ್ತ ಬೆಳೆದು ನನ್ನನ್ನು ಓದಿಸಿದ ಮನೆ ಇದು.

ಆಗಸ್ಟ್ 13, ಮಂಗಳವಾರ. ಲಿಂಗಸುಗೂರು

ಅತ್ತೆ-ಮಾವನ ಮನೆಗೆ ಬಂದೆವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು, 150ಎ. ಇದೇ ರಸ್ತೆ ದಕ್ಷಿಣಕ್ಕೆ ಸಿರುಗುಪ್ಪ, ಬಳ್ಳಾರಿ ದಾಟಿ ಹಿರಿಯೂರಿಗೆ ಹೋಗುತ್ತದೆ.

ಮಾವನವರು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ಅಭಿಪ್ರಾಯ ನನ್ನ ಅಪ್ಪನದಕ್ಕೆ ಸರಿ ಎದುರು. "ಗಣಿ ಕಂಪನಿ 1947ರಾಗ ಶುರುವಾದಾಗ ಅದರ ಹೆಸರೇ ಹೈದರಾಬಾದ್ ಗೋಲ್ಡ್ ಮೈನ್ಸ್. 56ರಾಗ ಹಟ್ಟಿ ಅಂತ ಆತು. ಮುಖ್ಯ ಕಚೇರಿ ಬೆಂಗಳೂರಾಗ. ನಾವು ಭೂಮ್ಯಾಗ ಇಳದು ಬಂಗಾರ ತೆಗಿತೀವಿ, ನಮ್ಮ ಪಗಾರದ ಮಾತು, ಪಿಂಚಣಿ ಮಾತು ಅಲ್ಲಿ ಆಗ್ತದ. ಫೈಲು ಎಲ್ಲಿ ಅದಾವೋ ಅಲ್ಲಿ ನಮ್ಮವರು ಒಬ್ಬರರ ಇರಬೇಕು" ಎಂದರು.

ನಂತರ ನನ್ನ ತಲೆಯಲ್ಲಿ ಇಷ್ಟು ದಿನ ಅಸ್ಪಷ್ಟವಾಗಿದ್ದ ವಿಷಯವನ್ನು ಅವರೇ ಬಿಡಿಸಿಟ್ಟರು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಹೋರಾಡಿದ ಮೇಲೆ ಸಿಕ್ಕ ವಿಧಿ. ನಮ್ಮ ಭಾಗದ ವೃತ್ತಿಪರ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟು ಇಲ್ಲಿಯವರಿಗೆ. ಮಗಳು ಹುಟ್ಟಿದ್ದು ಸಿಂಧನೂರಿನ ತವರುಮನೆಯಲ್ಲಿ ಬಾಣಂತನಕ್ಕೆ ಬಂದಾಗ. ಹಾಗಾಗಿ ಅವಳು ಹುಟ್ಟಿನಿಂದಲೇ ಇಲ್ಲಿಯವಳು.

ರಾತ್ರಿ ಕುಳಿತು ವೃತ್ತಿಪರ ಕಾಲೇಜು ಪ್ರವೇಶದ ಸಿಇಟಿಯ ನಿಯಮ ಓದಿದೆ. ಸಾಮಾನ್ಯ ನಿಯಮದಂತೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಬೆರಳು ಮಡಚಿ ಎಣಿಸಿದೆ. ಆರನೆಯ ತರಗತಿಗೆ ಬರುವ ಜೂನಿನಲ್ಲಿ ಇಲ್ಲಿ ಸೇರಿದರೆ ದ್ವಿತೀಯ ಪಿಯುಸಿಗೆ ಸರಿಯಾಗಿ ಏಳು. ಮೊದಲು ಹೈದರಾಬಾದಿಗೆ ಹೋಗಿ ಎರಡು ವರ್ಷ ನೋಡಿ ಆಮೇಲೆ ಬೆಂಗಳೂರಿಗೆ ಬರೋಣ ಎಂಬ ದಾರಿಗೆ ಈ ಎಣಿಕೆಯಲ್ಲಿ ಜಾಗವಿಲ್ಲ. ವಿನಾಯಿತಿಯ ಕಲಮುಗಳು ಇರಬಹುದು, ಆದರೆ ಮಗುವಿನ ಓದನ್ನು ವಿನಾಯಿತಿಯ ಮೇಲೆ ಕಟ್ಟಲು ಮನಸ್ಸಿಲ್ಲ.

ಆಗಸ್ಟ್ 15, ಗುರುವಾರ. ಮಸ್ಕಿ

ಚಿಕ್ಕಮ್ಮನ ಮನೆ. ಬೆಳಿಗ್ಗೆ ಧ್ವಜಾರೋಹಣ ನೋಡಿ, ಮಗಳನ್ನು ಅಶೋಕನ ಶಾಸನಕ್ಕೆ ಕರೆದೊಯ್ದೆ. ಅಶೋಕ ಎಂಬ ಹೆಸರನ್ನು 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಮೊದಲು ತೋರಿಸಿಕೊಟ್ಟ ಬಂಡೆ ಇದೇ. 1915ರಲ್ಲಿ ಇದನ್ನು ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಅದು ಅಚ್ಚಾದದ್ದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ.

ಮಗಳಿಗೆ ಇದನ್ನೆಲ್ಲ ಕನ್ನಡದಲ್ಲಿ ವಿವರಿಸಿದೆ. ಅಲ್ಲಿದ್ದ ಫಲಕವನ್ನು ಓದು ಎಂದಾಗ ಕನ್ನಡದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು, ಇಂಗ್ಲಿಷನ್ನು ಸರಾಗವಾಗಿ ಓದಿದಳು. ಮಸ್ಕತ್ತಿನ ಶಾಲೆಯಲ್ಲಿ ಅವಳ ಎರಡನೆಯ ಭಾಷೆ ಹಿಂದಿ. ಮನೆಯಲ್ಲಿ ಮಾತು ಉಳಿಸಿದ್ದೇವೆ, ಬರಹ ಉಳಿಸಲು ಆಗಿಲ್ಲ. ತೆಲಂಗಾಣದ 2018ರ ಕಾಯ್ದೆಯಂತೆ ಅಲ್ಲಿಯ ಶಾಲೆಗಳಲ್ಲಿ ಹತ್ತನೆಯವರೆಗೆ ತೆಲುಗು ಕಡ್ಡಾಯ. ಕರ್ನಾಟಕದಲ್ಲಿ 2015ರ ಕಾಯ್ದೆಯಂತೆ ಕನ್ನಡ. ಎರಡು ರಾಜ್ಯಗಳೂ ಮಾಡಿದ್ದು ಸರಿ. ತೆಲುಗು ಕಲಿತರೆ ನನಗೆ ಸಂತೋಷವೇ. ಹೈದರಾಬಾದಿನಲ್ಲಿ ಕಾಚಿಗುಡದ ಬಳಿ ನೃಪತುಂಗ ಶಾಲೆಯಿದೆ, ಕನ್ನಡಿಗರು ಕಟ್ಟಿ ಉಳಿಸಿಕೊಂಡಿರುವುದು. ಕರ್ನಾಟಕ ಸಾಹಿತ್ಯ ಮಂದಿರವಿದೆ. ಆದರೆ ಇವರಿಗೆ ಅಲ್ಲಿ ಸಿಕ್ಕಿರುವುದು ನಗರದ ಪಶ್ಚಿಮದ ಅಂಚಿನ ಕೆಲಸ, ಕಾಚಿಗುಡ ಇನ್ನೊಂದು ಮೂಲೆ. ದಿನಾ ಅಷ್ಟು ದೂರ ಮಗುವನ್ನು ಕಳಿಸಲಾಗದು. ಅವಳಿಗೆ ಹನ್ನೊಂದು ತುಂಬುವುದರೊಳಗೆ ಕನ್ನಡದ ಓದು-ಬರಹ ಕೈಗೆ ಬರದಿದ್ದರೆ ಮುಂದೆ ಬರುವುದು ಕಷ್ಟ.

ಚಿಕ್ಕಮ್ಮ ಮಾತ್ರ ಇನ್ನೊಂದು ಪ್ರಶ್ನೆ ಹಾಕಿದಳು. "ಎರಡೂ ದೊಡ್ಡ ಊರು ಅಂತೀರಿ. ರಾಯಚೂರಾಗ ಯಾಕ ಇರಬಾರದು?" ಉತ್ತರ ಹುಡುಕುತ್ತ ನಿಂತೆ. ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಿನಿಂದ ಜನ ಧರಣಿ ಕೂತಿದ್ದಾರೆ, ಇನ್ನೂ ಎದ್ದಿಲ್ಲ. ಐಐಟಿ ಧಾರವಾಡಕ್ಕೆ ಹೋಯಿತು. 2019ರಲ್ಲಿ ಸಿಕ್ಕ ಐಐಐಟಿ ಕೂಡ ಶುರುವಾದದ್ದು ಐಐಟಿ ಹೈದರಾಬಾದಿನ ಆವರಣದಲ್ಲಿ. ಕೆಲಸ, ದವಾಖಾನೆ, ಓದು ಈ ಮೂರೂ ಜಿಲ್ಲೆಯಲ್ಲಿ ಬೆಳೆದಿದ್ದರೆ ನಾವು ಮಸ್ಕತ್ತಿಗೂ ಹೋಗುತ್ತಿರಲಿಲ್ಲ. ಎರಡು ನಗರಗಳ ನಡುವೆ ಆರಿಸುವ ಕಷ್ಟ ನಮ್ಮ ಮನೆಗೆ ಬಂದಿರುವುದೇ ಈ ಕಾರಣದಿಂದ.

ಆಗಸ್ಟ್ 17, ಶನಿವಾರ. ಸಿಂಧನೂರು

ಗೇಟು ಕೂತಿತು! ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಪೋಲನ್ನು ತಡೆದರು. ಕ್ಯಾಂಪಿನವರು, ಊರಿನವರು ಟಿವಿ ಮುಂದೆ ಒಟ್ಟಿಗೆ ಕುಳಿತಿದ್ದರು. ಮೊದಲ ಬೆಳೆಗೆ ನೀರು ಸಿಗುವ ಭರವಸೆ ಬಂದಿದೆ. ಅಪ್ಪ ವಾರದ ನಂತರ ಹೊಟ್ಟೆ ತುಂಬ ಉಂಡರು.

ಸಂಜೆ ಮಗಳ ಜೊತೆ ರೈಲ್ವೆ ಸ್ಟೇಷನ್ನಿಗೆ ಹೋಗಿಬಂದೆ. ನಾನು ಓದುವಾಗ ಸಿಂಧನೂರಿಗೆ ರೈಲಿರಲಿಲ್ಲ. ಮುನಿರಾಬಾದ್-ಮಹಬೂಬ್‌ನಗರ ಮಾರ್ಗದ ಮಾತು ಕೇಳುತ್ತಲೇ ದೊಡ್ಡವಳಾದೆ. ಈ ವರ್ಷದ ಮಾರ್ಚಿನಲ್ಲಿ ಕಾರಟಗಿಯಿಂದ ಹಳಿ ಇಲ್ಲಿಗೆ ಬಂತು, ಯಶವಂತಪುರದ ರೈಲು ಈಗ ಸಿಂಧನೂರಿನ ತನಕ ಬರುತ್ತದೆ. ಅತ್ತ ಹೈದರಾಬಾದಿನ ಕಡೆಯಿಂದ ಹಳಿ ರಾಯಚೂರಿನ ಬಳಿಯ ಕೃಷ್ಣಾ ಸ್ಟೇಷನ್ನನ್ನು ಹೋದ ವರ್ಷ ಮುಟ್ಟಿದೆ. ಉಳಿದಿರುವುದು ಸಿಂಧನೂರು-ರಾಯಚೂರು ನಡುವಿನ ತುಂಡು. ಅದಾದ ದಿನ ಒಂದೇ ಸ್ಟೇಷನ್ನಿನಿಂದ ಎರಡೂ ನಗರಗಳಿಗೆ ಗಾಡಿ ಹತ್ತಬಹುದು. ಅಲ್ಲಿಯವರೆಗೆ ಈ ಎರಡು ನಗರಗಳಲ್ಲಿ ಇಲ್ಲಿಂದ ನೇರ ರೈಲಿರುವುದು ಬೆಂಗಳೂರಿಗೆ. ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಹೈದರಾಬಾದು ಹತ್ತಿರ. ಅಪ್ಪ-ಅವ್ವ ಬಸ್ಸಿನಲ್ಲಿ ಸೊಂಟ ನೋಯಿಸಿಕೊಳ್ಳದೆ, ಮಲಗಿಕೊಂಡು ಮಗಳ ಮನೆಗೆ ಬರುವುದರಲ್ಲಿ ಅಳೆದರೆ ಬೆಂಗಳೂರು.

ಆಗಸ್ಟ್ 19, ಸೋಮವಾರ. ಸಿಂಧನೂರು

ನಿರ್ಧರಿಸಿದ್ದೇನೆ. ಬೆಂಗಳೂರು.

ಇವರಿಗೆ ಫೋನಿನಲ್ಲಿ ಕಾರಣಗಳನ್ನು ಸಾಲಾಗಿ ಹೇಳಿದೆ. ಮೊದಲನೆಯದು, ಮಗಳ ಏಳು ವರ್ಷ. ಎರಡನೆಯದು, ಅವಳ ಕನ್ನಡ. ಮೂರನೆಯದು, ರೈಲು. ಮನೆ ನೋಡುವುದಾದರೆ ಯಶವಂತಪುರ, ಜಾಲಹಳ್ಳಿ, ತುಮಕೂರು ರಸ್ತೆಯ ಕಡೆ, ಕಾವೇರಿ ನೀರಿನ ಸಂಪರ್ಕ ಇರುವ ಬಡಾವಣೆಯಲ್ಲಿ ಮಾತ್ರ. ನಾಲ್ಕನೆಯ ಕಾರಣವನ್ನು ಮಾವನವರಿಂದ ಪಡೆದೆ. ಹೈದರಾಬಾದಿನಲ್ಲಿ ನಾವು ನೆರೆಯವರಾಗಿ ಸುಖವಾಗಿರಬಹುದು. ಆದರೆ ರಾಯಚೂರಿನ ಏಮ್ಸ್, ಸಿಂಧನೂರಿನ ಮುಂದಿನ ಹಳಿ, ಕಾಲುವೆಯ ಕೊನೆಯ ಹೊಲದ ನೀರು, ಇವುಗಳ ಬಗ್ಗೆ ಕೇಳುವ ಹಕ್ಕು ನಮಗಿರುವುದು ಬೆಂಗಳೂರಿನಲ್ಲಿ. ಅಲ್ಲಿ ನಮ್ಮ ಭಾಗದ ಜನ ಹೆಚ್ಚಾಗಿ ಕಟ್ಟಡದ ಕೆಲಸಕ್ಕೆ ಹೋಗಿ ಶೆಡ್ಡುಗಳಲ್ಲಿ ಇದ್ದಾರೆ. ಅವರ ಕಷ್ಟ ಯಾರ ಕಿವಿಗೂ ಬೀಳುವುದಿಲ್ಲ. ಓದಿದ ನಾವೂ ಬೇರೆ ರಾಜ್ಯಕ್ಕೆ ಹೋದರೆ ಕೇಳುವ ದನಿ ಇನ್ನಷ್ಟು ಕಡಿಮೆಯಾಗುತ್ತದೆ.

ಅಪ್ಪನಿಗೆ ಹೇಳುವುದೇ ಕಷ್ಟವಾಗಿತ್ತು. ತಪಾಸಣೆ ಹೈದರಾಬಾದಿನಲ್ಲೇ ಮುಂದುವರಿಯುತ್ತದೆ, ಅವರ ಡಾಕ್ಟರನ್ನು ಬದಲಿಸುವುದಿಲ್ಲ, ಪ್ರತಿ ಸಲವೂ ನಾನು ಬಂದು ಜೊತೆಗೆ ಹೋಗುತ್ತೇನೆ ಎಂದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು: "ಹುಡುಗಿ ಓದಿನ ಮಾತು ಅಂದ ಮ್ಯಾಲೆ ಮುಗೀತವ್ವ. ಹೋಗ್ರಿ. ಆದ್ರ ಅಲ್ಲಿ ಯಾವೂರು ಅಂತ ಕೇಳಿದ್ರ ಸಿಂಧನೂರು ಅನ್ರಿ, ಬಳ್ಳಾರಿ ಕಡಿ ಅಂತ ತೇಲಿಸಿ ಹೇಳಬ್ಯಾಡ್ರಿ."

ನಾಳೆ ಮಗಳ ಜನನ ಪ್ರಮಾಣಪತ್ರದ ಪ್ರತಿ ತೆಗೆಸಬೇಕು. 371ಜೆ ಪ್ರಮಾಣಪತ್ರ ಕೊಡುವುದು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ. ಮಸ್ಕತ್ತಿಗೆ ವಿಮಾನ ಹತ್ತುವ ಮೊದಲು ಆ ಅರ್ಜಿ ಕೊಟ್ಟೇ ಹೋಗುತ್ತೇನೆ.