ಏನಾದರೂ ಹೆಚ್ಚುಕಮ್ಮಿಯಾದರೆ

ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನುವುದು ವ್ಯಾಕರಣದ ಪ್ರಕಾರ ಸರಿ, ನಮ್ಮಜ್ಜಿಯ ಪ್ರಕಾರ ಅಪಶಕುನ. 'ಬರ್ತೀನಿ ಅನ್ನಬೇಕು' ಎಂದು ತಿದ್ದದೆ ಆಕೆ ಯಾರನ್ನೂ ಹೊಸ್ತಿಲು ದಾಟಲು ಬಿಟ್ಟವಳಲ್ಲ.

ಪುಣೆಗೆ ಬಂದ ಮೇಲೆ ಗೊತ್ತಾಯಿತು, ಇಂಥ ಅಜ್ಜಿ ಎಲ್ಲ ಭಾಷೆಗಳಲ್ಲೂ ಇದ್ದಾಳೆ. ಮರಾಠಿಯವರು ಹೊರಡುವಾಗ 'ಯೇತೋ' ಅಂತಾರೆ, ಅಂದರೆ 'ಬರ್ತೀನಿ'. ತಮಿಳರದು 'ಪೋಯಿಟ್ಟು ವರೇನ್', ತೆಲುಗರದು 'ವೆಳ್ಳೊಸ್ತಾ'. ಇಲ್ಲಿ ದೇವರ ಮುಂದೆ ತೆಂಗಿನಕಾಯಿ ಒಡೆಯುವುದಿಲ್ಲ, 'ವಾಢವತಾತ್', ಹೆಚ್ಚಿಸುತ್ತಾರೆ. ತೆಲುಗು ಮನೆಯಲ್ಲಿ ಅಕ್ಕಿ ಖಾಲಿಯಾದರೆ 'ನಿಂಡುಕುನ್ನಾಯಿ', ತುಂಬಿಕೊಂಡಿದೆ! ಹಿಂದಿಯಲ್ಲಿ ಅಂಗಡಿ ಮುಚ್ಚುವುದಕ್ಕೂ 'ಬಢಾನಾ'. ನಮ್ಮ ಹಳೆಯ ಸಿನಿಮಾಗಳೂ ಎಷ್ಟೇ ಅಳಿಸಿದರೂ ಕೊನೆಗೆ 'ಶುಭಂ' ಎನ್ನುತ್ತಿದ್ದವು.

ಇದೆಲ್ಲ ಮೂಢನಂಬಿಕೆ ಎಂದು ರಾತ್ರಿಯಿಡೀ ವಾದಿಸುವ ನನ್ನ ನಾಸ್ತಿಕ ಗೆಳೆಯನೂ ಏಳುವಾಗ 'ಬರ್ತೀನಿ' ಅಂತಲೇ ಏಳುತ್ತಾನೆ. ನಂಬಿಕೆ ಹೋದರೂ ಕ್ರಿಯಾಪದ ಉಳಿಯುತ್ತದೆ.

ಅನುವಾದಕಿಗೆ ಕಷ್ಟವಾಗುವುದು ವಿಮೆಯ ಫಾರಂ ಎದುರಾದಾಗ. 'ವಿಮೆದಾರರು ಮರಣ ಹೊಂದಿದಲ್ಲಿ' ಎಂದು ಯಾವ ಮನೆಯಲ್ಲೂ ಮಾತಾಡುವುದಿಲ್ಲ. 'ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ' ಅಂತೀವಿ. ಆದರೆ ಎಷ್ಟು ಹೆಚ್ಚು, ಎಷ್ಟು ಕಮ್ಮಿಯಾದರೆ ದುಡ್ಡು ಬರುತ್ತದೆ? ಹಿಂದೆ ಉಳಿದವರು ಕೌಂಟರಿನಲ್ಲಿ ನಿಂತು ಅದನ್ನು ಚರ್ಚಿಸುವಂತಾಗಬಾರದು. ಹಾಗಾಗಿ 'ಮರಣ' ಎಂದೇ ಬರೆಯುತ್ತೇನೆ.

ಕಳೆದ ವರ್ಷ ಅಂಥದೇ ಒಂದು ಫಾರಮ್ಮನ್ನು ಅಪ್ಪನಿಗೆ ಓದಿ ಹೇಳಬೇಕಾಯಿತು. ಆ ಸಾಲು ಬಂದಾಗ ಬಾಯಿ ತಾನಾಗಿ 'ಏನಾದರೂ ಹೆಚ್ಚುಕಮ್ಮಿ...' ಎಂದಿತು.

'ಸತ್ತರೆ ಅಂತ ಓದು' ಎಂದರು ಅಪ್ಪ, ಸಹಿ ಹಾಕುತ್ತಾ. 'ಅಮ್ಮನ ಹೆಸರು ಮಾತ್ರ ಆಧಾರ್‌ನಲ್ಲಿ ಇದ್ದ ಹಾಗೇ ಬರಿ.'