ಖಾಲಿ ಉಳಿದ ನಾಲ್ಕನೆಯ ಉತ್ತರ

ನಮ್ಮ ಅಣ್ಣನ ಮೊಮ್ಮಗಳು ಐದನೆಯ ತರಗತಿಯಲ್ಲಿ ಓದುತ್ತಿರುವಳು. ಕಳೆದ ಬೇಸಗೆಯ ರಜೆಯಲ್ಲಿ ಅವಳ ಶಾಲೆಯವರು, ಮನೆಯ ಹಿರಿಯರೊಬ್ಬರಿಗೆ ಐದು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದು ತರಬೇಕೆಂದು ವಿಧಿಸಿದ್ದರು. ಹುಡುಗಿಯು ಹಿರಿಯರನ್ನೆಲ್ಲ ಒಮ್ಮೆ ಪರಿಶೀಲಿಸಿ, ಕೆಲಸವಿಲ್ಲದೆ ಕುಳಿತವರು ನಾವೊಬ್ಬರೇ ಎಂದು ನಿಶ್ಚಯಿಸಿ, ಪುಸ್ತಕ ಹಿಡಿದು ಜಗಲಿಗೆ ಬಂದಳು. ನೀವು ಯಾವ ಉದ್ಯೋಗ ಮಾಡಿದಿರಿ? ಯಾವ ಯಾವ ಊರುಗಳನ್ನು ನೋಡಿದಿರಿ? ನಿಮಗೆ ಪ್ರಿಯವಾದ ತಿನಿಸು ಯಾವುದು? ನಿಮ್ಮ ಮನಸ್ಸಿಗೆ ಬಹಳ ದುಃಖವಾದದ್ದು ಯಾವಾಗ, ಆಗ ಏನು ಮಾಡಿದಿರಿ? ನಿಮಗೆ ಪ್ರಿಯವಾದ ವಿನೋದ ಯಾವುದು? ಇವೇ ಆ ಪ್ರಶ್ನೆಗಳು.

ನಾಲ್ಕಕ್ಕೆ ನಾವು ಧಾರಾಳವಾಗಿ ಉತ್ತರ ಹೇಳಿದೆವು. ನಾಲ್ಕನೆಯ ಪ್ರಶ್ನೆ ಬಂದಾಗ ಮಾತ್ರ, "ಅದೊಂದನ್ನು ಬಿಟ್ಟುಬಿಡು ಮಗು" ಎಂದೆವು. "ಬಿಟ್ಟರೆ ಟೀಚರು ಬಯ್ತಾರೆ ಚಿಕ್ಕಜ್ಜ" ಎಂದಳು. ಆದರೂ ಬಿಡಿಸಿದೆವು. ರಜೆ ಮುಗಿದು ಹದಿನೈದು ದಿನಗಳಾದ ಮೇಲೆ ಆ ಪುಸ್ತಕ ನಮ್ಮ ಕಣ್ಣಿಗೆ ಬಿದ್ದಿತು. ನಾಲ್ಕನೆಯ ಉತ್ತರದ ಜಾಗದಲ್ಲಿ ಕೆಂಪು ಶಾಯಿಯಿಂದ, "ಇದು ಖಾಲಿ ಏಕೆ?" ಎಂದು ಬರೆದಿತ್ತು. ಮೂವತ್ತೈದು ವರ್ಷ ಖಾಲಿ ಬಿಟ್ಟ ಉತ್ತರಗಳಿಗೆ ಸೊನ್ನೆ ಹಾಕಿದ ಕೈ ನಮ್ಮದು. ಆ ಕೆಂಪು ಪ್ರಶ್ನೆಯು ನಮ್ಮನ್ನೇ ಕೇಳಿದಂತಾಯಿತು. ಈ ಲೇಖನವು ಅದಕ್ಕೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬೇಕು.

ಮೊದಲು ಸುಲಭವಾದ ಉತ್ತರಗಳನ್ನು ಹೇಳುವೆವು. ಮೈಸೂರಿನಲ್ಲಿ ೧೮೭೬ರಲ್ಲಿ ಸ್ಥಾಪಿತವಾದ ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ನಾವು ವ್ಯಾಕರಣ ಸಾಹಿತ್ಯಗಳನ್ನು ಓದಿದೆವು. ೧೯೮೮ರಲ್ಲಿ ಸಾಗರ ಸೀಮೆಯ ಒಂದು ಪ್ರೌಢಶಾಲೆಗೆ ಸಂಸ್ಕೃತೋಪಾಧ್ಯಾಯರಾಗಿ ಬಂದು, ೨೦೨೩ನೆಯ ಮೇ ತಿಂಗಳಲ್ಲಿ ಅರುವತ್ತು ತುಂಬಿ ನಿವೃತ್ತರಾದೆವು. ಮಕ್ಕಳು ಸಂಸ್ಕೃತವನ್ನು ಪ್ರಥಮಭಾಷೆಯಾಗಿ ಆರಿಸಿಕೊಳ್ಳುತ್ತಿದ್ದುದು ಕಾಳಿದಾಸನ ಮೇಲಿನ ಪ್ರೀತಿಯಿಂದಲ್ಲ. ೧೨೫ಕ್ಕೆ ೧೨೫ ಅಂಕಗಳು ದೊರೆಯುವ ಆಸೆಯಿಂದ. ಅದನ್ನು ನಾವು ಬಲ್ಲೆವು. ಆದರೂ ಅಂಕಕ್ಕಾಗಿ ಬಂದ ಹತ್ತು ಮಕ್ಕಳಲ್ಲಿ ಒಂದು ಮಗು ಶ್ಲೋಕದ ಸವಿಗಾಗಿ ಉಳಿದುಕೊಂಡಾಗ, ಆ ತಿಂಗಳ ಸಂಬಳ ಎರಡು ಪಾಲಾದಂತೆ ನಮಗೆ ತೋರುತ್ತಿತ್ತು.

ಪ್ರವಾಸದ ವಿಷಯದಲ್ಲಿ ನಾವು ದೊಡ್ಡವರಲ್ಲ. ಕಾಶಿ ರಾಮೇಶ್ವರಗಳು ಇನ್ನೂ ಬಾಕಿ ಉಂಟು. ಮಕ್ಕಳ ಶೈಕ್ಷಣಿಕ ಪ್ರವಾಸವೇ ನಮ್ಮ ಪ್ರವಾಸವಾಗಿತ್ತು: ಕೆಳದಿ, ಇಕ್ಕೇರಿ, ಬನವಾಸಿ, ಜೋಗ. ಇಕ್ಕೇರಿಯ ಅಘೋರೇಶ್ವರನ ಮುಂದಿನ ಕಲ್ಲಿನ ಬಸವನ ಕಾಲ ಸಂದಿಯಲ್ಲಿ ತೂರಲು ಹವಣಿಸುವ ಹುಡುಗರನ್ನು ಎಳೆದು ಹೊರಗೆ ಹಾಕುವುದರಲ್ಲಿಯೇ ನಮ್ಮ ಶಿಲ್ಪಾಧ್ಯಯನವು ಮುಗಿಯುತ್ತಿತ್ತು. ಜೋಗದಲ್ಲಿ ೮೩೦ ಅಡಿಗಳಿಂದ ಇಳಿಯುವ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳನ್ನು ಎಣಿಸಿ, ಬಳಿಕ ಮಕ್ಕಳನ್ನು ಎಣಿಸಿ ಬಸ್ಸಿಗೆ ಹತ್ತಿಸುವೆವು. ಎರಡನೆಯ ಎಣಿಕೆ ಸರಿಬಂದಾಗಲೇ ನಮಗೆ ಮೊದಲನೆಯದರ ಸೌಂದರ್ಯವು ಗೋಚರವಾಗುತ್ತಿದ್ದುದು.

ತಿನಿಸುಗಳಲ್ಲಿ ನಮಗೆ ತೊಡೆದೇವು ಪ್ರಿಯ. ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲಾಗಿ ಇಟ್ಟು, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಅದರ ತಳದ ಮೇಲೆ ತೆಳ್ಳಗೆ ತೊಡೆದು, ಬೆಂದ ಕೂಡಲೇ ಎಬ್ಬಿಸಿ ಮಡಿಸುವ ಭಕ್ಷ್ಯವದು. ನಿತ್ಯದ ಊಟಕ್ಕೆ ಒಂದೆಲಗದ ತಂಬುಳಿ ಇದ್ದರೆ ನಮಗೆ ಬೇರೆ ಏನೂ ಬೇಡ. ಆದರೆ ಉಪ್ಪಿನ ವಿಷಯದಲ್ಲಿ ನಾವು ಕಠೋರರು. ಒಂದು ಹರಳು ಹೆಚ್ಚು ಕಡಿಮೆಯಾದರೂ ಮಾತಾಡದೆ ಇದ್ದವರಲ್ಲ. ನಮ್ಮ ಮನೆಯವರು ಇದನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಸಹಿಸಿಕೊಂಡು ಬಂದಿರುವರು.

ವಿನೋದವೆಂದರೆ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುವರು. ಅರ್ಥಧಾರಿಗಳು ಕುಳಿತಲ್ಲಿಯೇ ಮಾತಿನಿಂದ ಹಸ್ತಿನಾವತಿಯನ್ನು ಕಟ್ಟುವರು. ಮಳೆಗಾಲದ ರಾತ್ರಿಗಳಲ್ಲಿ ಇದಕ್ಕಾಗಿ ಕೊಡೆ ಹಿಡಿದು ಆರೇಳು ಮೈಲಿ ನಡೆದದ್ದುಂಟು.

ಇನ್ನು ನಾಲ್ಕನೆಯ ಉತ್ತರ.

ನಿವೃತ್ತರಾದ ವರ್ಷದ ಮಳೆಗಾಲದಲ್ಲಿ ನಮಗೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗತೊಡಗಿತು. ಬ್ರಾಹ್ಮೀಮುಹೂರ್ತಕ್ಕೂ ಮೊದಲೇ ಏಳುವಷ್ಟು ಪುಣ್ಯ ಬಂದಿತೆಂದು ಮೊದಲು ಸಮಾಧಾನ ಮಾಡಿಕೊಂಡೆವು. ಎದ್ದು ಜಪ ಮಾಡುತ್ತಿದ್ದೆವೇ? ಇಲ್ಲ. ಕತ್ತಲೆಯನ್ನು ನೋಡುತ್ತ ಮಲಗಿರುತ್ತಿದ್ದೆವು. ಹತ್ತು ಗಂಟೆಗೆ ಊರಿನ ಶಾಲೆಯ ಗಂಟೆ ಕೇಳಿದರೆ ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತಿತ್ತು. ಕಪಾಟಿನಲ್ಲಿದ್ದ ರಘುವಂಶವನ್ನು ತೆಗೆದರೆ ಒಂದೇ ಶ್ಲೋಕವನ್ನು ನಾಲ್ಕು ಬಾರಿ ಓದಿದರೂ ಅನ್ವಯವಾಗದು. ತಾಳಮದ್ದಲೆಗೆ ಹೋಗಿ ಕುಳಿತೆವು; ಮಾತುಗಳು ಬಂಡೆಯ ಮೇಲಿನ ನೀರಿನಂತೆ ಹರಿದುಹೋದುವು. ನಡುವಿನಲ್ಲಿಯೇ ಎದ್ದು ಬಂದೆವು. ಇದನ್ನೆಲ್ಲ ಯಾರಿಗೂ ಹೇಳಲಿಲ್ಲ. ಮಕ್ಕಳಿಗೆ ಧೈರ್ಯ ಹೇಳಿ ಬಾಳಿದವರು, ಗೀತೆಯ ಪಾಠ ಹೇಳಿದವರು, "ನಮಗೆ ಬದುಕು ಬೇಸರವಾಗಿದೆ" ಎಂದು ಯಾವ ಬಾಯಿಂದ ಹೇಳುವುದು?

ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ನಮ್ಮ ಮನೆಯವರು ಎದುರಿಗೆ ಬಂದು ಕುಳಿತರು. "ಮೊನ್ನೆ ತಂಬುಳಿಗೆ ಉಪ್ಪು ಹಾಕಲು ಮರೆತಿದ್ದೆ. ನೀವು ಏನೂ ಅನ್ನಲಿಲ್ಲ. ನಿನ್ನೆಯೂ ಇಂದೂ ಬೇಕೆಂದೇ ಹಾಕಲಿಲ್ಲ. ಆಗಲೂ ಸುಮ್ಮನೆ ಉಂಡು ಎದ್ದಿರಿ. ನಿಮಗೆ ಏನೋ ಆಗಿದೆ. ಡಾಕ್ಟರರ ಹತ್ತಿರ ಹೋಗೋಣ" ಎಂದರು.

ನಾವು ವಾದಕ್ಕೆ ಇಳಿದೆವು. ವಿಷಾದವು ಮನಸ್ಸಿನ ದೌರ್ಬಲ್ಯ, ವಿವೇಕದಿಂದ ಗೆಲ್ಲತಕ್ಕದ್ದು, ಅರ್ಜುನನಿಗೂ ಬಂದಿತ್ತು ಎಂದೆಲ್ಲ ಹೇಳಿದೆವು. ಅವರು ಸಾವಧಾನವಾಗಿ ಕೇಳಿ, "ಅರ್ಜುನ ಬಾಯಿಬಿಟ್ಟು ಹೇಳಿಕೊಂಡನಲ್ಲ. ನೀವು ಹೇಳಿಕೊಳ್ಳುವುದೂ ಇಲ್ಲವಲ್ಲ" ಎಂದರು.

ಈ ಒಂದು ಮಾತು ನಮ್ಮ ಪಾಂಡಿತ್ಯವನ್ನು ತಲೆಕೆಳಗು ಮಾಡಿತು. ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ಬಾಯಿ ಒಣಗಿದುದನ್ನು ಹೇಳುವನು, ಮೈ ನಡುಗುವುದನ್ನು ಹೇಳುವನು, ಗಾಂಡೀವವು ಕೈಜಾರುವುದನ್ನು ಹೇಳುವನು. ಅಷ್ಟು ದೊಡ್ಡ ವೀರನು ಎರಡು ಸೈನ್ಯಗಳ ನಡುವೆ ನಾಚದೆ ಹೇಳಿಕೊಂಡುದರಿಂದಲೇ ಉಳಿದ ಹದಿನೇಳು ಅಧ್ಯಾಯಗಳು ನಮಗೆ ದೊರೆತುವು. ಅವನು, "ಏನಿಲ್ಲ, ಸ್ವಲ್ಪ ತಲೆನೋವು" ಎಂದಿದ್ದರೆ ಗೀತೆಯೇ ಇರುತ್ತಿರಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದ ನಮಗೆ ಹೊಳೆಯದ ಅರ್ಥವು ತಂಬುಳಿ ಬಡಿಸುವವರಿಗೆ ಹೊಳೆದಿತ್ತು.

ನಮ್ಮ ರಾಜ್ಯದಲ್ಲಿ ಮನೋಚೈತನ್ಯವೆಂಬ ಕಾರ್ಯಕ್ರಮದಂತೆ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ಏರ್ಪಾಡುಂಟು. ಮಂಗಳವಾರ ಹೊಸ ಕೆಲಸ ತೊಡಗಬಾರದೆಂದು ನಾವು ಕೊನೆಯ ಅಸ್ತ್ರವನ್ನು ಪ್ರಯೋಗಿಸಿದೆವು. ಅದು ಫಲಿಸಲಿಲ್ಲ.

ವೈದ್ಯರು ನಮ್ಮ ಶಿಷ್ಯರ ವಯಸ್ಸಿನವರು. ನಿದ್ರೆ ಹೇಗಿದೆ, ಹಸಿವು ಹೇಗಿದೆ, ಮೊದಲು ಸಂತೋಷ ಕೊಡುತ್ತಿದ್ದ ವಿಷಯಗಳು ಈಗ ಕೊಡುತ್ತಿವೆಯೇ ಎಂದು ಕೇಳಿದರು. ಕೊನೆಗೆ ದನಿ ತಗ್ಗಿಸಿ, "ಬದುಕು ಸಾಕು ಎಂದು ಅನ್ನಿಸುವುದುಂಟೆ, ಸರ್?" ಎಂದರು. ನಾವು ಮನೆಯವರ ಮುಖ ನೋಡದೆ, "ಉಂಟು" ಎಂದೆವು. ಆ ಎರಡಕ್ಷರವನ್ನು ಹೇಳಲು ನಾಲ್ಕು ತಿಂಗಳು ಹಿಡಿದಿತ್ತು. ಹೇಳಿದ ಕೂಡಲೇ ಕಣ್ಣಲ್ಲಿ ನೀರು ಬಂದಿತು.

ರಕ್ತಪರೀಕ್ಷೆ ಮಾಡಿಸಿದರು, ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಬಿ೧೨ ಜೀವಸತ್ತ್ವದ ಕೊರತೆಯಿಂದಲೂ ಮನಸ್ಸು ಹೀಗೆ ಕುಗ್ಗುವುದುಂಟಂತೆ. ನಮ್ಮಲ್ಲಿ ಅವೆರಡೂ ಇರಲಿಲ್ಲ. ಇದು ಖಿನ್ನತೆ ಎಂಬ ಕಾಯಿಲೆ, ನಿಮ್ಮ ತಪ್ಪಲ್ಲ, ವಾಸಿಯಾಗತಕ್ಕದ್ದು ಎಂದು ತಿಳಿಸಿ ಮಾತ್ರೆ ಬರೆದುಕೊಟ್ಟರು. ಗುಣ ಕಾಣಲು ಕೆಲವು ವಾರಗಳು ಬೇಕು, ಗುಣವಾಯಿತೆಂದು ತಾನಾಗಿ ನಿಲ್ಲಿಸಕೂಡದು ಎಂದು ಎಚ್ಚರಿಸಿದರು. ಮನೆಗೆ ಬಂದು ಚರಕಸಂಹಿತೆಯನ್ನು ತೆರೆದೆವು. ರೋಗವನ್ನು ಬೆಳೆಸುವುವುಗಳಲ್ಲಿ ವಿಷಾದಕ್ಕೆ ಆ ಮಹರ್ಷಿಯು ಮೊದಲ ಸ್ಥಾನವನ್ನು ಕೊಟ್ಟಿರುವನು. ಅದನ್ನು ನಾವು ಮೊದಲೇ ಓದಿದ್ದೆವು; ನಮ್ಮ ಹೆಸರು ಅಲ್ಲಿರಬಹುದೆಂದು ಎಣಿಸಿರಲಿಲ್ಲ.

ಆ ವರ್ಷದ ಕಾರ್ತಿಕದ ಹೊತ್ತಿಗೆ ನಿದ್ರೆ ಬಂದಿತು. ನಿದ್ರೆಯ ಹಿಂದೆ ಹಸಿವು, ಹಸಿವಿನ ಹಿಂದೆ ನೆನಪುಗಳು. ಅವುಗಳಲ್ಲಿ ಒಂದು ಸುಖದ ನೆನಪಲ್ಲ. ೧೯೯೬ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಕೊನೆಯ ಬೆಂಚಿನಲ್ಲಿ ಮಂಕಾಗಿ ಕುಳಿತಿರುತ್ತಿದ್ದನು, ಬುತ್ತಿ ಬಿಚ್ಚುತ್ತಿರಲಿಲ್ಲ, ಪಾಠದ ನಡುವೆ ತೂಕಡಿಸುತ್ತಿದ್ದನು. ನಾವು ಅವನಿಗೆ ಕುಂಭಕರ್ಣನೆಂದು ಹೆಸರಿಟ್ಟೆವು. ತರಗತಿಯೆಲ್ಲ ನಕ್ಕಿತು. ನಮ್ಮ ಹಾಸ್ಯಕ್ಕೆ ನಾವೇ ಮೆಚ್ಚಿಕೊಂಡೆವು. ದಸರಾ ರಜೆಯ ಮೇಲೆ ಅವನು ಶಾಲೆಗೆ ಬರಲಿಲ್ಲ. ನಿದ್ರೆ, ಹಸಿವು, ಸಂತೋಷ ಎಂದು ವೈದ್ಯರು ನಮ್ಮನ್ನು ಕೇಳಿದ ಪ್ರಶ್ನೆಗಳನ್ನು ಆ ಹುಡುಗನಿಗೆ ಯಾರಾದರೂ ಕೇಳಿದ್ದರೆ? ಕೇಳಬೇಕಾದವರು ನಾವೇ ಆಗಿದ್ದೆವು.

ಅವನ ಸಹಪಾಠಿಯೊಬ್ಬನಿಂದ ವಿಳಾಸ ತಿಳಿದು, ೨೦೨೪ರ ಮಾಘದಲ್ಲಿ ಬಸ್ಸು ಹತ್ತಿ ಸಿರಸಿಗೆ ಹೋದೆವು. ನಮ್ಮ ಪ್ರವಾಸಗಳಲ್ಲಿ ಅತ್ಯಂತ ದೀರ್ಘವಾಗಿ ತೋರಿದುದು ಇದೇ. ಅವನು ಮೋಟಾರು ಸೈಕಲ್ಲು ರಿಪೇರಿಯ ಅಂಗಡಿ ಇಟ್ಟಿರುವನು. ನಮ್ಮನ್ನು ಕಂಡು ಕೈಯ ಎಣ್ಣೆ ಒರೆಸಿಕೊಂಡು ಎದ್ದು ನಿಂತನು; ಪಕ್ಕದ ಹೋಟೆಲಿನಿಂದ ಕಷಾಯ ತರಿಸಿದನು. ಬಂದ ಕಾರಣವನ್ನು ಹೇಳಿ, "ಆ ಹೆಸರು ಇಟ್ಟದ್ದು ತಪ್ಪಾಯಿತಪ್ಪ" ಎಂದೆವು.

ಅವನು ಮರೆತಿರಬಹುದೆಂದು ನಮಗೆ ಒಳಗೊಳಗೆ ಆಸೆಯಿತ್ತು. ಮರೆತಿರಲಿಲ್ಲ. ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತ, "ಆ ವರ್ಷ ನಮ್ಮ ಅಮ್ಮ ತೀರಿಹೋಗಿದ್ದರು ಮೇಷ್ಟ್ರೇ. ರಾತ್ರಿ ನಿದ್ದೆ ಬರ್ತಿರಲಿಲ್ಲ" ಎಂದನು. ಇಷ್ಟೇ. ಸಿಟ್ಟೂ ಇಲ್ಲ, ಪರವಾಗಿಲ್ಲವೆಂಬ ಮಾತೂ ಇಲ್ಲ. ಹೊರಡುವಾಗ ಬಸ್ಸಿನ ತನಕ ಬಂದು ನಮ್ಮ ಚೀಲವನ್ನು ಒಳಗೆ ಇಟ್ಟನು. ಅಷ್ಟಕ್ಕೂ ನಾವು ಅರ್ಹರಾಗಿರಲಿಲ್ಲ.

ಆ ವರ್ಷದ ಆಷಾಢದಲ್ಲಿ ನೆರೆಯ ಊರಿನಲ್ಲಿ ಕೃಷ್ಣಸಂಧಾನದ ತಾಳಮದ್ದಲೆಯಾಯಿತು. ವಿದುರನ ಅರ್ಥ ಹೇಳುತ್ತಿದ್ದವರು, ಮನೆಗೆ ಬಂದ ಕೃಷ್ಣನಿಗೆ ಕೊಡಲು ಒಂದು ಕುಡಿತೆ ಹಾಲಷ್ಟೇ ಇರುವುದೆಂದು ಸಂಕೋಚಪಡುತ್ತ ಏನೋ ಒಂದು ಚಮತ್ಕಾರದ ಮಾತಾಡಿದರು. ನಾವು ಗಟ್ಟಿಯಾಗಿ ನಕ್ಕೆವು. ಹೆಂಗಸರ ಸಾಲಿನಿಂದ ನಮ್ಮ ಮನೆಯವರು ತಿರುಗಿ ನೋಡಿದರು. ಮರುದಿನ ಊಟದಲ್ಲಿ, "ತಂಬುಳಿಗೆ ಉಪ್ಪು ತುಸು ಹೆಚ್ಚಾಯಿತು" ಎಂದೆವು. ಅವರು ಸಿಟ್ಟಾಗಲಿಲ್ಲ; ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಮಾತ್ರೆಗಳನ್ನು ಅದಾದ ಕೆಲವು ತಿಂಗಳುಗಳ ಮೇಲೆ ವೈದ್ಯರೇ ಕ್ರಮಕ್ರಮವಾಗಿ ಕಡಿಮೆ ಮಾಡಿ ನಿಲ್ಲಿಸಿದರು.

ಮನೆಯಲ್ಲಿ ಯಾರಾದರೂ ಉಪ್ಪಿಲ್ಲದ ಅನ್ನವನ್ನು ಮಾತಿಲ್ಲದೆ ಉಣ್ಣುತ್ತಿದ್ದರೆ ವಾಚಕರು ಒಂದು ಮಾತು ಕೇಳಬೇಕೆಂದು ನಮ್ಮ ಪ್ರಾರ್ಥನೆ. ಕೇಳಲು ಮನೆಯಲ್ಲಿ ಯಾರೂ ಇಲ್ಲದವರಿಗೆ, ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯುಂಟು. ೧೪೪೧೬ ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲಿಯೇ ಮಾತಾಡಬಹುದು.

ಹುಡುಗಿಯ ಪುಸ್ತಕವನ್ನು ನಿನ್ನೆ ಕೇಳಿ ತರಿಸಿಕೊಂಡೆವು. ಖಾಲಿ ಜಾಗ ಎರಡು ಸಾಲುಗಳಷ್ಟೇ ಇತ್ತು. ನಾವು ಹೇಳಿದೆವು, ಅವಳು ಬರೆದಳು: "ಚಿಕ್ಕಜ್ಜನಿಗೆ ಅರುವತ್ತನೆಯ ವರ್ಷದಲ್ಲಿ ಬಹಳ ದುಃಖವಾಗಿತ್ತು. ಅಜ್ಜಿ ಕೇಳಿದರು, ಚಿಕ್ಕಜ್ಜ ಹೇಳಿದರು, ಇಬ್ಬರೂ ಡಾಕ್ಟರರ ಹತ್ತಿರ ಹೋದರು."